ಆಸ್ಪತ್ರೆಯ ಹಳೇ ಸಿಸ್ಟಂ ಬದಲಿಸುವ ಮುಂಚೆ ಒಂದು ರಾತ್ರಿ ವಾರ್ಡಿನಲ್ಲಿ ಕೂತು ನೋಡಿ

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಳೇ ಸಾಫ್ಟ್‌ವೇರ್‌ನಲ್ಲಿ ರೋಗಿಯ ಹೆಸರಿನ ಕೆಳಗೆ ‘ಷರಾ’ ಅಂತ ಒಂದು ಕಾಲಂ ಇತ್ತು. ಅರವತ್ತು ಅಕ್ಷರ ಹಿಡಿಸುವಷ್ಟು ಜಾಗ. ಬಿಲ್ಲಿಂಗ್‌ನವರು ಏನಾದರೂ ಬರೆದುಕೊಳ್ಳಲಿ ಅಂತ ಯಾರೋ ಯಾವಾಗಲೋ ಇಟ್ಟಿದ್ದು. ಹೊಸ ಸಿಸ್ಟಂಗೆ ಯಾವ್ಯಾವ ಮಾಹಿತಿ ಸಾಗಿಸಬೇಕು ಅಂತ ಪಟ್ಟಿ ಮಾಡುವಾಗ ಆ ಕಾಲಂ ಕೈಬಿಟ್ಟೆವು. ಪಟ್ಟಿಗೆ ಸಹಿ ಹಾಕಿದವನು ನಾನೇ.

ಮೊದಲ ಟ್ರಯಲ್ ದಿನ ಒಬ್ಬ ಹಿರಿಯ ಸಿಸ್ಟರ್ ಬಂದು ಕೂತರು. ತಮಗೆ ಚೆನ್ನಾಗಿ ಗೊತ್ತಿದ್ದ ರೋಗಿಯೊಬ್ಬರ ನಂಬರ್ ಹೊಡೆದರು. ಪರದೆ ಮೇಲೆ ಕೆಳಗೆ ನೋಡಿದರು. "ಇವರಿಗೆ ಪೆನಿಸಿಲಿನ್ ಆಗಲ್ಲ. ಅದೆಲ್ಲಿ ಹೋಯ್ತು?" ಎಂದು ಕೇಳಿದರು.

ಹಳೇ ಸಿಸ್ಟಂನಲ್ಲಿ ಅಲರ್ಜಿ ಬರೆಯಲು ಜಾಗವೇ ಇರಲಿಲ್ಲ. ಹಾಗಾಗಿ ಸಿಸ್ಟರ್‌ಗಳು ಷರಾ ಕಾಲಂನಲ್ಲಿ ಮೂರು ನಕ್ಷತ್ರ ಹಾಕಿ ಅಲರ್ಜಿ ಬರೆಯುತ್ತಾ ಬಂದಿದ್ದರು. ಹನ್ನೊಂದು ವರ್ಷದಿಂದ. ಯಾವ ಕೈಪಿಡಿಯಲ್ಲೂ ಈ ವಿಷಯ ಇರಲಿಲ್ಲ. ಹೊಸದಾಗಿ ಸೇರಿದವರಿಗೆ ಹಿರಿಯರು ಬಾಯಿಮಾತಿನಲ್ಲಿ ಹೇಳಿಕೊಡುತ್ತಿದ್ದರು, ಅಷ್ಟೇ. ಆ ಸಿಸ್ಟರ್ ಅವತ್ತು ಬರದೇ ಹೋಗಿದ್ದರೆ ಸಾವಿರಾರು ಜನರ ಅಲರ್ಜಿ ಮಾಹಿತಿ ಇಲ್ಲದೆ ನಾವು ಹೊಸ ಸಿಸ್ಟಂ ಶುರು ಮಾಡಿಬಿಡುತ್ತಿದ್ದೆವು. ಅದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ, ಆಮೇಲೆ ಆಸ್ಪತ್ರೆಗಳ ಕಂಪ್ಯೂಟರ್ ಕೆಲಸಕ್ಕೆ ಬಂದವನು. ಹಳೇ ಸಿಸ್ಟಂ ತೆಗೆದು ಹೊಸದು ತರುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದಿದ್ದರೆ, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಧಾನ ಮಾಡಬೇಕು ಅಂತ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಓಡಾಡಿ

ಸಾಫ್ಟ್‌ವೇರ್ ಕಂಪನಿಯವರನ್ನು ಕರೆಸುವ ಮುಂಚೆ ಎರಡು ವಾರ ಆಸ್ಪತ್ರೆ ತುಂಬಾ ಓಡಾಡಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ರಿಜಿಸ್ಟ್ರೇಷನ್ ಕೌಂಟರ್, ಓಪಿಡಿ, ಲ್ಯಾಬ್, ಎಕ್ಸ್‌ರೇ, ಫಾರ್ಮಸಿ, ಐಸಿಯು, ರೆಕಾರ್ಡ್ ರೂಮ್, ಎಲ್ಲ ಕಡೆ ಸುಮ್ನೆ ಕೂತು ನೋಡಿ. ಇದರಲ್ಲಿ ಎರಡು ದಿನವಾದರೂ ನೈಟ್ ಡ್ಯೂಟಿ ಸೇರಿರಲಿ. ಹಗಲಲ್ಲಿ ಕೇಳಿದರೆ ಎಲ್ಲರೂ "ನಡೀತಿದೆ ಸರ್" ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಲ್ಯಾಬ್ ರಿಪೋರ್ಟ್ ಪರದೆಗೆ ಬರದಿದ್ದಾಗ ಸಿಸ್ಟರ್ ಏನು ಮಾಡುತ್ತಾರೆ ಅನ್ನುವುದು ಅಲ್ಲಿದ್ದರೆ ಮಾತ್ರ ಗೊತ್ತಾಗುತ್ತದೆ.

ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಗಳನ್ನೆಲ್ಲ ಓದಿ. ಕಂಪ್ಯೂಟರ್ ಪಕ್ಕದಲ್ಲೇ ಒಂದು ಗೀಟು ಹಾಕಿದ ರಿಜಿಸ್ಟರ್ ಇದೆಯಾ ನೋಡಿ. ಇದ್ದರೆ, ಕಂಪ್ಯೂಟರ್ ಮಾಡದ ಯಾವುದೋ ಕೆಲಸವನ್ನು ಆ ಪುಸ್ತಕ ಮಾಡುತ್ತಿದೆ ಅಂತ ಅರ್ಥ. ಒಂದೇ ಪಾಸ್‌ವರ್ಡ್ ಆರು ಜನ ಬಳಸುತ್ತಿದ್ದರೆ ಬೈಯಬೇಡಿ, ಕಾರಣ ಕೇಳಿ. ನಾನು ಕೇಳಿದಾಗ ಸಿಕ್ಕ ಉತ್ತರ: ಲಾಗಿನ್ ಆಗಲು ಒಂದೂವರೆ ನಿಮಿಷ ಬೇಕು, ರೋಗಿ ಅಷ್ಟು ಹೊತ್ತು ಕಾಯುವುದಿಲ್ಲ. ಹೊಸ ಸಿಸ್ಟಂನಲ್ಲೂ ಲಾಗಿನ್ ಅಷ್ಟೇ ನಿಧಾನವಾದರೆ ಪಾಸ್‌ವರ್ಡ್ ಹಂಚಿಕೊಳ್ಳುವುದೂ ನಿಲ್ಲುವುದಿಲ್ಲ. ಕಾರ್ಡ್ ತೋರಿಸಿದರೆ ತೆರೆಯುವಂಥ ವ್ಯವಸ್ಥೆ ಆ ವಾರ್ಡಿಗೆ ಬೇಕು ಅಂತ ಬರೆದುಕೊಳ್ಳಿ.

ಎಕ್ಸೆಲ್ ಶೀಟುಗಳನ್ನು ಹುಡುಕಿ. ಪ್ರತಿ ವಿಭಾಗದಲ್ಲೂ ಯಾರೋ ಒಬ್ಬರು ಒಂದು ಶೀಟು ಕಟ್ಟಿಕೊಂಡಿರುತ್ತಾರೆ, ಅದು ನಿಂತರೆ ವಿಭಾಗವೇ ನಿಲ್ಲುತ್ತದೆ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲೇ ಇಲ್ಲ. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಹಳೇ ಎಕ್ಸೆಲ್ ಮಾದರಿಯ ಫೈಲಿಗೆ ತುಂಬುತ್ತಿದ್ದರು. ಆ ಮಾದರಿಯಲ್ಲಿ ಒಂದು ಶೀಟಿಗೆ 65,536 ಸಾಲು ಮಾತ್ರ ಹಿಡಿಸುತ್ತದೆ. ಒಬ್ಬೊಬ್ಬ ರೋಗಿಗೆ ಹಲವು ಸಾಲು ಬೇಕಿತ್ತು. ಶೀಟು ತುಂಬಿತು, ಉಳಿದವರು ಹೊರಗೆ ಉಳಿದರು. ಅವರ ಸಂಪರ್ಕದಲ್ಲಿದ್ದವರಿಗೆ ಸುದ್ದಿ ಮುಟ್ಟುವುದೂ ತಡವಾಯಿತು.

ಓಡಾಡುತ್ತಾ ಒಂದು ಪಟ್ಟಿ ಮಾಡಿ. ಪ್ರತಿ ಕಂಪ್ಯೂಟರ್, ಪ್ರತಿ ಮೆಷಿನ್, ಪ್ರತಿ ಸಾಫ್ಟ್‌ವೇರ್‌ಗೆ ಒಂದು ಸಾಲು. ಯಾವ ಆಪರೇಟಿಂಗ್ ಸಿಸ್ಟಂ, ಯಾರು ಬಳಸುತ್ತಾರೆ, ಡೇಟಾ ಎಲ್ಲಿ ಕೂರುತ್ತದೆ, ಯಾವುದರ ಜೊತೆ ಜೋಡಣೆ ಇದೆ. ಕೊನೆಯ ಕಾಲಂಗೆ ಹೀಗೆ ಹೆಸರಿಡಿ: ‘ಇದು ಒಂದು ಗಂಟೆ ನಿಂತರೆ ರೋಗಿಗೆ ಏನಾಗುತ್ತದೆ?’ ಮುಂದಿನ ಎಲ್ಲ ತೀರ್ಮಾನಗಳೂ ಈ ಕಾಲಂ ಮೇಲೆ ನಿಲ್ಲುತ್ತವೆ. ಅದನ್ನು ನೀವೇ ತುಂಬಬೇಡಿ, ಡಾಕ್ಟರ್ ಮತ್ತು ಸಿಸ್ಟರ್ ಜೊತೆ ಕೂತು ತುಂಬಿ.

ಬ್ಯಾಕಪ್ ತೆಗೆದು ನೋಡಿದ್ದೀರಾ?

ಹೊಸದನ್ನು ಮುಟ್ಟುವ ಮುಂಚೆ ಹಳೆಯದು ಕೈಬಿಟ್ಟು ಹೋಗದಂತೆ ಹಿಡಿದಿಡಬೇಕು. ಒಂದು ಕಡೆ ನಾನು ಹೋದಾಗ ಬ್ಯಾಕಪ್ ದಿನಾ ರಾತ್ರಿ ‘ಯಶಸ್ವಿ’ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಅದನ್ನು ಒಂದು ಖಾಲಿ ಕಂಪ್ಯೂಟರ್‌ಗೆ ಮತ್ತೆ ಹಾಕಿ ನೋಡೋಣ ಎಂದೆ. ಫೋಲ್ಡರ್‌ಗಳೆಲ್ಲ ಬಂದವು. ಮುಖ್ಯ ಡೇಟಾಬೇಸ್ ಫೈಲ್ ಮಾತ್ರ ಬರಲಿಲ್ಲ. ಬ್ಯಾಕಪ್ ನಡೆಯುವ ಹೊತ್ತಿಗೆ ಸಾಫ್ಟ್‌ವೇರ್ ಆ ಫೈಲನ್ನು ತೆರೆದು ಹಿಡಿದಿರುತ್ತಿತ್ತು. ಬ್ಯಾಕಪ್ ಪ್ರೋಗ್ರಾಂ ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಎಷ್ಟು ವರ್ಷದಿಂದ ಹೀಗಿತ್ತೋ!

ಆದ್ದರಿಂದ ಬ್ಯಾಕಪ್ ಅನ್ನು ವಾಪಸ್ ಹಾಕಿ, ಹಳೇ ರೋಗಿಯೊಬ್ಬರ ರಿಪೋರ್ಟ್ ತೆರೆದು ಕಣ್ಣಾರೆ ಓದುವವರೆಗೂ ನಂಬಬೇಡಿ. ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಪ್ರತಿ ಕಟ್ಟಡದಿಂದ ಆಚೆ ಅನ್ನುವ ನಿಯಮ ಹಳೆಯದೇ ಆದರೂ ಸರಿಯಾಗಿದೆ. ಅದರಲ್ಲಿ ಒಂದು ಪ್ರತಿ ನೆಟ್‌ವರ್ಕ್‌ಗೆ ಸೇರಿರಲೇಬಾರದು. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ನುಗ್ಗಿದರೆ ನೆಟ್‌ವರ್ಕ್‌ನಲ್ಲಿರುವ ಬ್ಯಾಕಪ್‌ಗೂ ಬೀಗ ಹಾಕುತ್ತದೆ.

ಬದಲಿಸಲು ಆಗದ ಮೆಷಿನ್‌ಗಳು

ಲ್ಯಾಬ್ ಮೇಜಿನ ಕೆಳಗೆ ಧೂಳು ಹಿಡಿದ ಒಂದು ಡಬ್ಬಿ ಸಿಕ್ಕೇ ಸಿಗುತ್ತದೆ. ನನಗೆ ಸಿಕ್ಕಿದ್ದರ ಮೇಲೆ ‘ಆಫ್ ಮಾಡಬೇಡಿ’ ಅಂತ ಬರೆದ ಪ್ಲಾಸ್ಟರ್ ಅಂಟಿಸಿದ್ದರು. ವಿಂಡೋಸ್ ಎಕ್ಸ್‌ಪಿ. ರಕ್ತಕಣ ಎಣಿಸುವ ಅನಲೈಜರ್‌ನಿಂದ ಸೀರಿಯಲ್ ಕೇಬಲ್ ಬಂದು ಅದಕ್ಕೆ ಸೇರಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಹೊಸ ವಿಂಡೋಸ್ ಹಾಕಿದರೆ ಅನಲೈಜರ್ ಜೊತೆ ಬಂದ ಸಾಫ್ಟ್‌ವೇರ್ ಓಡುವುದಿಲ್ಲ. ಅನಲೈಜರ್ ಬದಲಿಸಲು ದುಡ್ಡಿಲ್ಲ. ಮೆಷಿನ್ ಮಾತ್ರ ಗಟ್ಟಿಮುಟ್ಟಾಗಿದೆ, ಎಣಿಕೆ ಸರಿಯಾಗಿ ಕೊಡುತ್ತಿದೆ.

ಇಂಥದ್ದಕ್ಕೆ ಬೇಲಿ ಹಾಕಬೇಕು. ಅದನ್ನು ನೆಟ್‌ವರ್ಕ್‌ನಲ್ಲಿ ಬೇರೆ ವಿಲ್ಯಾನ್‌ಗೆ, ಅಂದರೆ ಉಳಿದವುಗಳಿಂದ ಬೇರ್ಪಡಿಸಿದ ಒಂದು ಭಾಗಕ್ಕೆ, ತಳ್ಳಿ. ಲ್ಯಾಬ್ ಸರ್ವರ್‌ಗೆ ಹೋಗುವ ಒಂದೇ ಒಂದು ಪೋರ್ಟ್ (ಸಂಪರ್ಕದ ಬಾಗಿಲು) ಬಿಟ್ಟು ಮಿಕ್ಕ ಎಲ್ಲವನ್ನೂ ಫೈರ್‌ವಾಲ್‌ನಲ್ಲಿ ಮುಚ್ಚಿ. ಇಂಟರ್‌ನೆಟ್ ಬೇಡ, ಇಮೇಲ್ ಬೇಡ, ಯುಎಸ್‌ಬಿ ಬಂದ್. ಹಾರ್ಡ್ ಡಿಸ್ಕ್‌ನ ಪೂರ್ತಿ ನಕಲು ಮಾಡಿ, ಆ ನಕಲನ್ನು ಹಾಕಿ ಒಮ್ಮೆ ಓಡಿಸಿ ನೋಡಿ. ಅದೇ ಮಾದರಿಯ ಒಂದು ಸ್ಪೇರ್ ಕಂಪ್ಯೂಟರ್, ಒಂದು ಸ್ಪೇರ್ ಸೀರಿಯಲ್ ಕಾರ್ಡ್ ಬೀರುವಿನಲ್ಲಿ ಇಟ್ಟುಕೊಳ್ಳಿ. ಎಂಆರ್‌ಐ, ಸಿಟಿ ಸ್ಕ್ಯಾನ್‌ಗಳಲ್ಲೂ ಇದೇ ಕತೆ. ಅವುಗಳ ಕಂಪ್ಯೂಟರ್ ಮೇಲೆ ನೀವೇ ಆಂಟಿವೈರಸ್ ಹಾಕಲು ಹೋಗಬೇಡಿ, ತಯಾರಕರ ಲಿಖಿತ ಒಪ್ಪಿಗೆ ಬೇಕು.

ಹಳೆಯ ಮೆಷಿನ್‌ಗೆ ಬೇಲಿ ಹಾಕಿದ್ದೇವೆ ಅಂತ ಉಳಿದವುಗಳನ್ನು ಮರೆಯಬಾರದು. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ದಾಳಿಯಲ್ಲಿ ಇಂಗ್ಲೆಂಡಿನ ಹಲವು ಸರ್ಕಾರಿ ಆಸ್ಪತ್ರೆಗಳು ನೆಲಕಚ್ಚಿದವು. ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಅಂತ ಅಂದಾಜು. ಎಲ್ಲರೂ ಎಕ್ಸ್‌ಪಿಯನ್ನು ಬೈದರು. ಆದರೆ ಸೋಂಕು ತಗುಲಿದ್ದರಲ್ಲಿ ಜಾಸ್ತಿ ಇದ್ದದ್ದು ವಿಂಡೋಸ್ 7 ಕಂಪ್ಯೂಟರ್‌ಗಳು. ಅವಕ್ಕೆ ಬೇಕಾದ ತೇಪೆಯನ್ನು, ಅಂದರೆ ದೋಷ ಸರಿಪಡಿಸುವ ಪ್ಯಾಚ್ ಅನ್ನು, ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿರಲಿಲ್ಲ, ಅಷ್ಟೇ. ಪ್ಯಾಚ್ ಹಾಕಲು ತಿಂಗಳಿಗೆ ಒಂದು ರಾತ್ರಿ ಗೊತ್ತುಮಾಡಿ, ಆಸ್ಪತ್ರೆಯ ಮುಖ್ಯಸ್ಥರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಒಂದೊಂದೇ ಭಾಗ

ಎಲ್ಲವನ್ನೂ ಒಂದೇ ಸಲ ಬದಲಿಸುವ ಆಸೆ ಮೇಲಿನವರಿಗೆ ಇರುತ್ತದೆ. ದೊಡ್ಡ ಪ್ರಮಾಣದಲ್ಲಿ ಮೇಲಿನಿಂದ ಹೇರಿದ ಯೋಜನೆಗಳು ಏನಾದವು ಅನ್ನುವುದಕ್ಕೆ ಬ್ರಿಟನ್ ಸರ್ಕಾರ 2002ರಲ್ಲಿ ಶುರುಮಾಡಿದ ರಾಷ್ಟ್ರೀಯ ಆರೋಗ್ಯ ಐಟಿ ಯೋಜನೆಯೇ ಸಾಕ್ಷಿ. ನೂರಾರು ಕೋಟಿ ಪೌಂಡ್ ಸುರಿದ ಮೇಲೆ 2011ರಲ್ಲಿ ಅದನ್ನು ಕಳಚುವುದಾಗಿ ಘೋಷಿಸಬೇಕಾಯಿತು.

ಅರಳಿಯ ಬೀಜ ಇನ್ನೊಂದು ಮರದ ಮೇಲೆ ಬಿದ್ದು, ಅಲ್ಲೇ ಚಿಗುರಿ, ನಿಧಾನವಾಗಿ ಬೇರು ಇಳಿಸಿ ತನ್ನ ಕಾಲ ಮೇಲೆ ನಿಲ್ಲುವುದನ್ನು ನೋಡಿದ್ದೀರಿ ಅಲ್ವಾ? ಹಾಗೆಯೇ ಮಾಡಿ. ಹಳೇ ಸಿಸ್ಟಂ ನಿಂತಿರಲಿ. ಪಕ್ಕದಲ್ಲಿ ಒಂದು ಭಾಗ ಹೊಸದು ಬರಲಿ. ಅದು ಗಟ್ಟಿಯಾದ ಮೇಲೆ ಇನ್ನೊಂದು. ನನ್ನ ಅನುಭವದಲ್ಲಿ ಮೊದಲು ರೋಗಿಯ ನೋಂದಣಿ ಸರಿಯಾಗಬೇಕು. ಉಳಿದ ಎಲ್ಲವೂ ಆ ನಂಬರಿಗೆ ನೇತುಬೀಳುತ್ತವೆ. ಆಮೇಲೆ ಲ್ಯಾಬ್, ಆಮೇಲೆ ಫಾರ್ಮಸಿ. ಡಾಕ್ಟರ್ ಔಷಧಿ ಬರೆಯುವ ಪರದೆ ಕೊನೆಗೆ ಬರಲಿ. ಅದು ಎಲ್ಲಕ್ಕಿಂತ ಕಷ್ಟದ್ದು, ತಪ್ಪಾದರೆ ನೇರ ರೋಗಿಯ ಮೈಗೆ ತಾಗುತ್ತದೆ. ಬಿಲ್ಲಿಂಗ್ ಮೊದಲು ಆಗಲಿ ಅಂತ ಒತ್ತಡ ಬರುತ್ತದೆ. ನಿಮ್ಮ ಪಟ್ಟಿಯ ಕೊನೆಯ ಕಾಲಂ ತೋರಿಸಿ ಮಾತಾಡಿ.

ಒಪ್ಪಂದದ ಬಗ್ಗೆ ಒಂದೇ ಮಾತು: ನಾಳೆ ಈ ಕಂಪನಿ ಬಿಟ್ಟರೆ ನಮ್ಮ ಡೇಟಾ ಪೂರ್ತಿಯಾಗಿ, ಓದಲು ಬರುವ ರೂಪದಲ್ಲಿ, ಕಾಲಂಗಳ ವಿವರಣೆ ಸಮೇತ, ಬೇರೆ ಹಣ ಕೇಳದೆ ಕೊಡಬೇಕು ಅಂತ ಬರೆಸಿಕೊಳ್ಳಿ. ಸಹಿ ಬಿದ್ದ ಮೇಲೆ ಕೇಳಿದರೆ ಸಿಗುವುದಿಲ್ಲ.

ಡೇಟಾಗೆ ಅರ್ಧ ಸಮಯ ಕೊಡಿ

ಯೋಜನೆಗೆ ಒಂದು ವರ್ಷ ಅಂದರೆ ಆರು ತಿಂಗಳು ಡೇಟಾಗೆ ಬೇಕು. ಕಡಿಮೆ ಕೊಟ್ಟವರನ್ನು ನೋಡಿದ್ದೇನೆ, ಎಲ್ಲರೂ ಕಷ್ಟಪಟ್ಟರು.

ಮೊದಲ ಕಷ್ಟ, ಒಬ್ಬರೇ ಮನುಷ್ಯರಿಗೆ ಮೂರು ನಂಬರ್. ಒಮ್ಮೆ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಮದುವೆಯಾದ ಮೇಲಿನ ಹೆಸರು. ಹೆಸರು ಒಂದೇ ಇದೆ ಅಂತ ಕಂಪ್ಯೂಟರ್ ಕೈಗೆ ಬಿಟ್ಟು ಒಂದಾಗಿಸಬೇಡಿ. ಹೆಸರು, ಹುಟ್ಟಿದ ದಿನ, ಫೋನ್, ವಿಳಾಸ ನಾಲ್ಕನ್ನೂ ಹೋಲಿಸಿ ಅನುಮಾನದ ಜೋಡಿಗಳ ಪಟ್ಟಿ ತೆಗೆಯಿರಿ. ರೆಕಾರ್ಡ್ ರೂಮಿನವರು ಕೇಸ್ ಶೀಟ್ ತೆರೆದು ನೋಡಿ ತೀರ್ಮಾನಿಸಲಿ. ಎರಡು ನಂಬರ್ ಹಾಗೇ ಉಳಿದರೆ ತೊಂದರೆ, ನಿಜ. ಆದರೆ ಇಬ್ಬರು ಬೇರೆ ಬೇರೆ ರೋಗಿಗಳು ಒಂದಾಗಿಬಿಟ್ಟರೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರಿಗೆ ಹೋಗುತ್ತದೆ.

ಎರಡನೆಯದು, ತಾರೀಖು. ವಯಸ್ಸು ಗೊತ್ತಿಲ್ಲದವರಿಗೆಲ್ಲ ಹಳೇ ಸಿಸ್ಟಂ 01-01-1900 ಅಂತ ಹಾಕಿರುತ್ತದೆ. ಅದನ್ನು ಹಾಗೇ ಸಾಗಿಸಿದರೆ ಮಗುವಿಗೆ ನೂರು ದಾಟಿದ ವಯಸ್ಸಿನ ಡೋಸ್ ಲೆಕ್ಕ ಬರಬಹುದು. ದಿನ ಮತ್ತು ತಿಂಗಳು ಅದಲುಬದಲಾಗುವುದೂ ಇದೆ. 12ಕ್ಕಿಂತ ದೊಡ್ಡ ದಿನ ಇದ್ದರೆ ಸಿಕ್ಕಿಬೀಳುತ್ತದೆ. 05-08 ಅಂತಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರನೆಯದು, ಅಳತೆಯ ಘಟಕ. ರಕ್ತದ ಸಕ್ಕರೆ ಕೆಲವು ಕಡೆ ಮಿಲಿಗ್ರಾಂ ಪ್ರತಿ ಡೆಸಿಲೀಟರ್, ಕೆಲವು ಕಡೆ ಮಿಲಿಮೋಲ್ ಪ್ರತಿ ಲೀಟರ್. ಒಂದರಿಂದ ಇನ್ನೊಂದಕ್ಕೆ ಸುಮಾರು 18 ಪಟ್ಟು ವ್ಯತ್ಯಾಸ. 100 ಅಂದರೂ 5.6 ಅಂದರೂ ಒಂದೇ. ಸಂಖ್ಯೆ ಮಾತ್ರ ಬಂದು ಘಟಕ ಬಿಟ್ಟುಹೋದರೆ ಏನಾಗಬಹುದು ಅಂತ ಯೋಚಿಸಿ. ಮೂತ್ರಪಿಂಡದ ಕೆಲಸ ಅಳೆಯುವ ಕ್ರಿಯಾಟಿನಿನ್‌ಗೆ ಆ ವ್ಯತ್ಯಾಸ 88 ಪಟ್ಟು. ಪ್ರತಿ ಫಲಿತಾಂಶದ ಜೊತೆ ಅದರ ಘಟಕವೂ, ಆ ಲ್ಯಾಬ್ ಆಗ ಬಳಸುತ್ತಿದ್ದ ಸಾಮಾನ್ಯ ಮಿತಿಯೂ ಬರಲೇಬೇಕು.

ಇನ್ನು ಷರಾ ಕಾಲಂ. ನಮ್ಮಲ್ಲಿ ಅದನ್ನು ಸರಿಮಾಡಿದ್ದು ಹೀಗೆ. ಷರಾದಲ್ಲಿ ಏನಾದರೂ ಬರೆದಿದ್ದ ಎಲ್ಲ ಸಾಲುಗಳನ್ನೂ ಹೊರತೆಗೆದೆವು. ಮೂರು ನಕ್ಷತ್ರ ಇದ್ದವು ಒಂದು ಕಡೆ. ನಕ್ಷತ್ರ ಇಲ್ಲದೆ ‘ಅಲರ್ಜಿ’, ‘ಆಗಲ್ಲ’, ‘ಕೊಡಬೇಡಿ’ ಅಂತಿದ್ದವು ಇನ್ನೊಂದು ಕಡೆ. ಪೆನಿಸಿಲಿನ್ ಅನ್ನುವ ಒಂದೇ ಪದ ಹದಿನಾಲ್ಕು ಕಾಗುಣಿತದಲ್ಲಿ ಸಿಕ್ಕಿತು. ಮೂವರು ಸಿಸ್ಟರ್, ಒಬ್ಬ ಫಾರ್ಮಸಿಸ್ಟ್ ಐದು ವಾರ ದಿನಕ್ಕೆ ಎರಡು ಗಂಟೆ ಕೂತು ಒಂದೊಂದನ್ನೂ ಓದಿ ಹೊಸ ಅಲರ್ಜಿ ಪರದೆಗೆ ಹಾಕಿದರು. ಆ ಎರಡು ಗಂಟೆ ಅವರಿಗೆ ವಾರ್ಡ್ ಡ್ಯೂಟಿ ಇರದಂತೆ ನೋಡಿಕೊಂಡೆವು. ಮೇಟ್ರನ್ ಮೇಡಂ ಗಟ್ಟಿಯಾಗಿ ನಿಂತಿದ್ದರಿಂದ ಅದು ಆಯಿತು. ಈ ಕೆಲಸವನ್ನು ಡ್ಯೂಟಿ ಮುಗಿದ ಮೇಲೆ ಮಾಡಿ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ.

ಸಿಸ್ಟಂಗಳ ನಡುವೆ ಮಾತು

ಲ್ಯಾಬ್, ಎಕ್ಸ್‌ರೇ, ವಾರ್ಡ್ ಎಲ್ಲ ಬೇರೆ ಬೇರೆ ಸಾಫ್ಟ್‌ವೇರ್ ಆಗಿದ್ದರೆ ಅವು ಒಂದಕ್ಕೊಂದು ಸಂದೇಶ ಕಳಿಸಬೇಕು. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಅನ್ನುವ ಮಾನದಂಡ ಇದೆ, 1993ರಿಂದ ಆ ಹೆಸರಲ್ಲಿ ಬಳಕೆಯಲ್ಲಿದೆ. ಸಂದೇಶಗಳಿಗೆ ಎಚ್‌ಎಲ್‌7 ಸಂಸ್ಥೆಯ ಮಾನದಂಡದ ಎರಡನೇ ಆವೃತ್ತಿ ಇನ್ನೂ ಬಹಳ ಕಡೆ ಓಡುತ್ತಿದೆ. ಹೊಸ ಕೆಲಸಕ್ಕೆ ಅದೇ ಸಂಸ್ಥೆಯ ‘ಫೈರ್’ (FHIR) ಮಾನದಂಡ ಕೇಳಿ. ಅದು ವೆಬ್ ತಂತ್ರಜ್ಞಾನದ ಮೇಲೆ ನಿಂತಿದೆ, ಕಲಿಯುವವರಿಗೆ ಸುಲಭ. ಲ್ಯಾಬ್ ಪರೀಕ್ಷೆಗಳ ಹೆಸರಿಗೆ ಲಾಯಿಂಕ್ ಅನ್ನುವ ಸಾರ್ವತ್ರಿಕ ಸಂಕೇತ ಬಳಸಿ. ನಿಮ್ಮ ಲ್ಯಾಬ್‌ನ ‘ಶುಗರ್’ ಇನ್ನೊಂದು ಕಡೆ ಊಟದ ಮುಂಚಿನದೋ ನಂತರದ್ದೋ ಅನ್ನುವ ಗೊಂದಲ ಆಗ ಇರುವುದಿಲ್ಲ. ಪ್ರತಿ ಜೋಡಿಗೂ ನೇರ ತಂತಿ ಎಳೆಯದೆ ಮಧ್ಯೆ ಸಂದೇಶ ಪಡೆದು ಸರಿಯಾದ ಕಡೆಗೆ ಹಂಚುವ ಒಂದು ಇಂಟಿಗ್ರೇಷನ್ ಎಂಜಿನ್ ಇಡಿ. ಮಿರ್ಥ್ ಥರದ್ದು ಹಲವು ಇವೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ತಲುಪದೇ ಹೋದ ಸಂದೇಶ ಎಲ್ಲಿ ಬೀಳುತ್ತದೆ, ಅದನ್ನು ಯಾರು ನೋಡುತ್ತಾರೆ? ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಹೊಸ ಸಿಸ್ಟಂ ತರುವಾಗ 2020ರ ಅಕ್ಟೋಬರ್‌ನಲ್ಲಿ ಸ್ಪೋಕೇನ್ ಊರಿನಿಂದ ಶುರು ಮಾಡಿದರು. ಅಲ್ಲಿ ಡಾಕ್ಟರ್ ಬರೆದ 11,000ಕ್ಕೂ ಹೆಚ್ಚು ಆದೇಶಗಳು ಎಲ್ಲಿಗೆ ಹೋಗಬೇಕು ಅಂತ ಸಿಸ್ಟಂಗೆ ತಿಳಿಯದೆ ಒಂದು ಮೂಲೆಯ ಸರದಿಯಲ್ಲಿ ಬಿದ್ದಿದ್ದವು. ತಜ್ಞರಿಗೆ ತೋರಿಸಿ, ಪರೀಕ್ಷೆ ಮಾಡಿಸಿ ಅನ್ನುವಂಥ ಆದೇಶಗಳು. ಕಳಿಸಿದ ಡಾಕ್ಟರ್‌ಗೆ ಅದು ತಲುಪಿಲ್ಲ ಅನ್ನುವ ಸೂಚನೆಯೇ ಬರಲಿಲ್ಲ. ಅದರಿಂದ ರೋಗಿಗಳಿಗೆ ಹಾನಿಯಾಗಿದೆ ಅಂತ ಸರ್ಕಾರಿ ತನಿಖೆಯ 2022ರ ವರದಿ ಹೇಳಿತು.

ಹಾಗಾಗಿ ತಲುಪದ ಸಂದೇಶಗಳ ಪಟ್ಟಿಗೆ ಒಬ್ಬರ ಹೆಸರು ಬರೆಯಿರಿ. ವಿಭಾಗದ ಹೆಸರು ಸಾಲದು, ಮನುಷ್ಯರ ಹೆಸರು. ಅವರ ರಜೆಯ ದಿನ ಯಾರು ಅನ್ನುವುದೂ ಬೇಕು. ದಿನಕ್ಕೆ ಮೂರು ಸಲ ನೋಡಬೇಕು, ಸೊನ್ನೆ ಇದ್ದರೂ ‘ಸೊನ್ನೆ’ ಅಂತ ಬರೆದು ಸಹಿ ಹಾಕಬೇಕು.

ಬದಲಾಗುವ ದಿನ

ಪೂರ್ತಿ ಡೇಟಾ ಸಾಗಿಸುವುದನ್ನು ಮೂರು ಸಲವಾದರೂ ತಾಲೀಮು ಮಾಡಿ. ಪ್ರತಿ ಸಲ ಎಷ್ಟು ಗಂಟೆ ಹಿಡಿಯಿತು ಅಂತ ಬರೆದಿಡಿ. ಹಳೆಯದರಲ್ಲಿ ಎಷ್ಟು ಸಾಲು, ಹೊಸದರಲ್ಲಿ ಎಷ್ಟು ಅಂತ ಎಣಿಸಿ. ಎಣಿಕೆ ಸರಿಬಂದರೂ ಅಲ್ಲಿಗೇ ನಿಲ್ಲಿಸಬೇಡಿ. ಇನ್ನೂರು ರೋಗಿಗಳನ್ನು ಆರಿಸಿ, ಎರಡು ಪರದೆ ಪಕ್ಕಪಕ್ಕ ಇಟ್ಟು, ಸಿಸ್ಟರ್‌ಗಳೇ ಹೋಲಿಸಿ ನೋಡಲಿ. ಡಯಾಲಿಸಿಸ್, ಕ್ಯಾನ್ಸರ್, ಮಕ್ಕಳ ವಾರ್ಡ್ ಹೀಗೆ ದಾಖಲೆ ದಪ್ಪ ಇರುವವರನ್ನು ಜಾಸ್ತಿ ಸೇರಿಸಿ.

ತರಬೇತಿಯನ್ನು ತಿಂಗಳ ಮುಂಚೆ ಮುಗಿಸಿದರೆ ಎಲ್ಲ ಮರೆತಿರುತ್ತಾರೆ. ಕೊನೆಯ ಹತ್ತು ದಿನದಲ್ಲಿ, ಅವರವರ ಕೆಲಸಕ್ಕೆ ಬೇಕಾದ ಪರದೆ ಮಾತ್ರ ಕಲಿಸಿ. ಪ್ರತಿ ವಾರ್ಡಿನಲ್ಲಿ ಇಬ್ಬರನ್ನು ಚೆನ್ನಾಗಿ ತಯಾರು ಮಾಡಿ, ಮೊದಲ ವಾರ ಅವರಿಗೆ ಬೇರೆ ಕೆಲಸ ಬೇಡ. ಮೊದಲ ವಾರ ಅಪಾಯಿಂಟ್‌ಮೆಂಟ್‌ಗಳನ್ನು ಅರ್ಧಕ್ಕೆ ಇಳಿಸಿ. ಆದಾಯ ಕಡಿಮೆಯಾಗುತ್ತದೆ ಅಂತ ಆಕ್ಷೇಪ ಬರುತ್ತದೆ, ಬರಲಿ. ಎಚ್ಚರಿಕೆಯ ಪಾಪ್‌ಅಪ್‌ಗಳನ್ನು ಒಮ್ಮೆಲೇ ಎಲ್ಲ ಚಾಲೂ ಮಾಡಬೇಡಿ. ಸಣ್ಣಪುಟ್ಟದ್ದಕ್ಕೆಲ್ಲ ಕಿರುಚಿದರೆ ಡಾಕ್ಟರ್‌ಗಳು ಓದದೆ ಒತ್ತುತ್ತಾರೆ, ನಿಜವಾದ ಅಲರ್ಜಿ ಎಚ್ಚರಿಕೆಯೂ ಅದರಲ್ಲೇ ಹೋಗುತ್ತದೆ.

ಸಿಸ್ಟಂ ಪೂರ್ತಿ ನಿಂತರೆ ಏನು ಅನ್ನುವುದಕ್ಕೆ ಪ್ರತಿ ವಾರ್ಡಿನಲ್ಲೂ ಒಂದು ಕೆಂಪು ಫೈಲ್ ಇರಲಿ. ಅದರಲ್ಲಿ ಖಾಲಿ ಫಾರಂಗಳು, ಫೋನ್ ನಂಬರ್‌ಗಳು, ಲ್ಯಾಬ್‌ಗೆ ಕೈಬರಹದ ಚೀಟಿ ಕಳಿಸುವ ಕ್ರಮ. ಪ್ರತಿ ನಾಲ್ಕು ಗಂಟೆಗೊಮ್ಮೆ ಒಳರೋಗಿಗಳ ಔಷಧಿ ಮತ್ತು ಅಲರ್ಜಿ ಪಟ್ಟಿ ಆ ವಾರ್ಡಿನ ಒಂದು ಕಂಪ್ಯೂಟರ್‌ಗೆ ತಾನಾಗಿಯೇ ಇಳಿದು ಕೂರಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ಪ್ರಿಂಟ್ ಬರಬೇಕು. ತಿಂಗಳಿಗೊಮ್ಮೆ ಕೇಬಲ್ ಕಿತ್ತು ಪರೀಕ್ಷಿಸಿ.

ಹಳೆಯದನ್ನು ಆರಿಸುವುದು

ಹೊಸದು ಓಡುತ್ತಿದೆ ಅಂತ ಹಳೇ ಸರ್ವರ್ ತಕ್ಷಣ ಆರಿಸಬೇಡಿ. ಓದಲು ಮಾತ್ರ ಬರುವಂತೆ ಇಟ್ಟು, ಮೂರು ತಿಂಗಳು ಯಾರು ಲಾಗಿನ್ ಆಗುತ್ತಿದ್ದಾರೆ ಅಂತ ಗಮನಿಸಿ.

ನಮ್ಮಲ್ಲಿ ಎರಡನೇ ತಿಂಗಳ ಹೊತ್ತಿಗೆ ಎಲ್ಲರೂ ಬಿಟ್ಟಿದ್ದರು, ಒಬ್ಬರ ಹೊರತು. ಪ್ರತಿ ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಡಯಾಲಿಸಿಸ್ ವಿಭಾಗದಿಂದ ಒಂದು ಲಾಗಿನ್. ಹೋಗಿ ಕೇಳಿದೆ. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಮೆಷಿನ್ ಕೊಡಬೇಕು, ಹಳೇ ರೋಗಿ ಬಹಳ ದಿನದ ಮೇಲೆ ಬಂದರೆ ಅವರ ಹಿಂದಿನ ಪರೀಕ್ಷೆ ನೋಡಿಕೊಳ್ಳಲು ಟೆಕ್ನಿಷಿಯನ್ ಅಲ್ಲಿಗೆ ಹೋಗುತ್ತಿದ್ದರು. ನಾವು ಐದು ವರ್ಷದ ಈಚಿನ ಲ್ಯಾಬ್ ಫಲಿತಾಂಶ ಮಾತ್ರ ಸಾಗಿಸಿದ್ದೆವು. ಅವರಿಗೆ ಅದಕ್ಕೂ ಹಿಂದಿನದು ಬೇಕಿತ್ತು. ಅವರು ದೂರು ಕೊಟ್ಟಿರಲಿಲ್ಲ, ತಮ್ಮ ಪಾಡಿಗೆ ಹಳೇ ದಾರಿಯಲ್ಲಿ ಹೋಗಿ ನೋಡಿಕೊಳ್ಳುತ್ತಿದ್ದರು.

ಆ ಪರೀಕ್ಷೆಗಳ ಹಳೇ ಫಲಿತಾಂಶಗಳನ್ನೆಲ್ಲ ಹೊಸ ಸಿಸ್ಟಂಗೆ ತಂದೆವು. ಟೆಕ್ನಿಷಿಯನ್ ಜೊತೆ ಕೂತು ಒಂದೊಂದು ಹೆಸರೂ ತೆರೆದು ನೋಡಿದೆವು. ಆಮೇಲೆ ನಾಲ್ಕು ಸೋಮವಾರ ಕಾದೆವು. ಲಾಗ್ ಖಾಲಿ ಇತ್ತು. ಐದನೇ ಸೋಮವಾರ ಡಿಸ್ಕ್‌ನ ಎರಡು ಪ್ರತಿ ತೆಗೆದು ಬೀಗ ಹಾಕಿದ ಬೀರುವಿನಲ್ಲಿಟ್ಟು, ಸರ್ವರ್ ಆರಿಸಿದೆವು.